ಮಲಗಿದ ಬೆಟ್ಟ

ಜ್ವಾಲಾಮುಖಿಗಳಲ್ಲಿ ಮೂರು ವಿಧ: ಜಾಗೃತ, ಸುಪ್ತ, ಲುಪ್ತ. ಇಪ್ಪತ್ತೈದು ವರ್ಷಗಳಿಂದ ಇದನ್ನು ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಮಕ್ಕಳೂ ಉರು ಹೊಡೆದು ಒಪ್ಪಿಸುತ್ತ ಬಂದಿದ್ದಾರೆ. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮಲಗಿದೆಯೋ ಸತ್ತಿದೆಯೋ ಹೇಗೆ ಗೊತ್ತಾಗುತ್ತೆ ಟೀಚರ್?" ಎಂದಳು. ಗಂಟೆ ಹೊಡೆಯಿತು, ನಾನು ತಪ್ಪಿಸಿಕೊಂಡೆ. ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು. ಉತ್ತರ ಹುಡುಕಹೊರಟವಳಿಗೆ ಸಿಕ್ಕಿದ್ದು ಕೊಲಂಬಿಯಾ ದೇಶದ ನೆವಾಡೊ ಡೆಲ್ ರೂಯಿಸ್.

ಆಂಡೀಸ್ ಸಾಲಿನ ಈ ಬೆಟ್ಟ 5,321 ಮೀಟರ್ ಎತ್ತರ. ಲಾವಾರಸ, ಬೂದಿ ಪದರಪದರವಾಗಿ ಪೇರಿಕೊಂಡು ಬೆಳೆದದ್ದು; ತಲೆಯ ಮೇಲೆ ಹಿಮದ ಟೋಪಿ. ಅಪಾಯವೆಲ್ಲ ಆ ಟೋಪಿಯಲ್ಲೇ. ಬೆಂಕಿಯಂಥ ಬೂದಿ ತಗುಲಿದರೆ ಹಿಮ ಕರಗಿ, ಮಣ್ಣುಕಲ್ಲು ಕಲಸಿಕೊಂಡು, ಕೆಸರಿನ ಹೊಳೆಯಾಗಿ ಕಣಿವೆಗೆ ಧುಮುಕುತ್ತದೆ. 1595ರಲ್ಲಿ ಹಾಗೆ 600ಕ್ಕೂ ಹೆಚ್ಚು ಜನ ಸತ್ತರು. 1845ರ ಕೆಸರಿಗೆ ಸುಮಾರು 1,000 ಜನ. ಆ ಕೆಸರು ಒಣಗಿ ಒಳ್ಳೆಯ ಮಣ್ಣಾಯಿತು. ಅದರ ಮೇಲೆಯೇ ಆರ್ಮೆರೊ ಎಂಬ ಊರು ಎದ್ದಿತು. ಹತ್ತಿ, ಭತ್ತ ಬೆಳೆದು ಚೆನ್ನಾಗಿಯೇ ಬಾಳಿತು.

1984ರ ಕೊನೆಗೆ ಬೆಟ್ಟ ಮಿಸುಕಾಡಿತು. 1985ರ ಅಕ್ಟೋಬರಿನಲ್ಲಿ ವಿಜ್ಞಾನಿಗಳ ಅಪಾಯದ ನಕ್ಷೆ ಸಿದ್ಧವಾಯಿತು. ಆರ್ಮೆರೊ ಕೆಸರಿನ ದಾರಿಯಲ್ಲೇ ಇತ್ತು. ನವೆಂಬರ್ 13ರಂದು ಊರ ಮೇಲೆ ಬೂದಿ ಉದುರಿದಾಗ, ಗಾಬರಿ ಬೇಡ, ಮನೆಯಲ್ಲೇ ಇರಿ ಎಂದು ಜನರಿಗೆ ಹೇಳಿದರು. ರಾತ್ರಿ 9 ದಾಟಿದ ಮೇಲೆ ಬೆಟ್ಟ ಸಿಡಿಯಿತು. ದೊಡ್ಡ ಸ್ಫೋಟವೇನಲ್ಲ, ಕರಗಿದ್ದು ಹಿಮದ ಹತ್ತರಲ್ಲೊಂದು ಪಾಲು. ಕೆಸರು ಊರು ಮುಟ್ಟಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಹತ್ತಿರದ ದಿಣ್ಣೆ ಹತ್ತಲು ಅಷ್ಟು ಹೊತ್ತು ಸಾಲದೇ? ಒಟ್ಟು ಸುಮಾರು 23,000 ಜನ ಸತ್ತರು. ಮರುದಿನದ ಪಾಠ ಓದಿಟ್ಟು ಮಲಗಿದ್ದ ಮಕ್ಕಳು ಅವರಲ್ಲೆಷ್ಟೋ!

1845ರಿಂದ 1985ಕ್ಕೆ 140 ವರ್ಷ. ಮುತ್ತಜ್ಜಿ ಕಣ್ಣಾರೆ ಕಂಡದ್ದು ಮೊಮ್ಮಗಳಿಗೆ ಕಥೆ, ಮರಿಮಗಳಿಗೆ ಅದೂ ಇಲ್ಲ. ಬೆಟ್ಟಕ್ಕಾದರೋ ಅದು ಮಗ್ಗುಲು ಬದಲಿಸುವಷ್ಟು ಹೊತ್ತು.

1991ರಲ್ಲಿ ಫಿಲಿಪ್ಪೀನ್ಸಿನ ಪಿನಟೂಬೊ ಸುಮಾರು 500 ವರ್ಷಗಳ ನಿದ್ದೆಯಿಂದ ಎದ್ದಿತು. ಆಗ ವಿಜ್ಞಾನಿಗಳು ಅಧಿಕಾರಿಗಳಿಗೂ ಜನರಿಗೂ ತೋರಿಸಿದ ವಿಡಿಯೊದಲ್ಲಿ ಆರ್ಮೆರೊದ ಗತಿಯೂ ಇತ್ತು. ಜನ ನಂಬಿದರು, ಊರು ಬಿಟ್ಟರು. ಸಾವಿರಾರು ಜೀವ ಉಳಿದವು.

ಈಗ ಬೋರ್ಡಿನ ಮೇಲೆ 'ಸುಪ್ತ' ಎಂದು ಬರೆದ ಮೇಲೆ ಸೀಮೆಸುಣ್ಣ ಕೆಳಗಿಡುವುದಿಲ್ಲ. ಅದರಡಿಯಲ್ಲಿ ಮೂರು ಇಸವಿ ಬರೆಯುತ್ತೇನೆ. ಪರೀಕ್ಷೆಗೆ ಬರುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಬರಲಿ ಬಿಡಲಿ, ಬರೆದುಕೊಳ್ಳಿ ಎನ್ನುತ್ತೇನೆ.