ಚೀಟಿ ಎತ್ತಿದರೆ ನ್ಯಾಯವೇ?

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಗೋಡೆಗೋಡೆಗೂ ಕಬಡ್ಡಿ ಪಂದ್ಯಾವಳಿಯ ಕರಪತ್ರ ಅಂಟಿಕೊಳ್ಳುತ್ತದೆ. ‘ಹೊನಲು ಬೆಳಕಿನ ಭವ್ಯ ಪಂದ್ಯಾವಳಿ’ ಎಂಬ ದಪ್ಪ ಅಕ್ಷರ, ಮೊದಲ ಬಹುಮಾನದ ಮೊತ್ತ, ಢಾಲು ಕೊಟ್ಟವರ ಹೆಸರು, ಊಟ ಹಾಕಿಸುವವರ ಹೆಸರು ಎಲ್ಲವೂ ಅದರಲ್ಲಿರುತ್ತವೆ. ಭೀಮಾ ನದಿಯ ಆಚೆಯಿಂದ, ಅಕ್ಕಲಕೋಟ, ಮಂಗಳವೇಢೆ ಕಡೆಯಿಂದಲೂ ತಂಡಗಳು ಬರುವುದುಂಟು. ರಾಜ್ಯ ಬೇರೆಯಾದರೂ ತೊಡೆ ತಟ್ಟುವ ಸದ್ದು ಒಂದೇ. ಆದರೆ ಯಾರು ಯಾರೊಡನೆ ಆಡಬೇಕು, ಅಂಕ ಸಮನಾದರೆ ಮುಂದೇನು ಎಂಬುದು ಮಾತ್ರ ಆ ಕರಪತ್ರದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ನಿರ್ಣಾಯಕರ ತೀರ್ಮಾನವೇ ಅಂತಿಮ’ ಎಂದಿರುತ್ತದೆ, ಅಷ್ಟೆ.

ತಂಡಗಳೆಲ್ಲ ಬಂದು ಸೇರಿದ ಮೇಲೆ ಚೀಟಿ ಬರೆದು ಒಂದು ಚರಿಗೆಯೊಳಗೆ ಹಾಕುತ್ತಾರೆ. ಏನೂ ಅರಿಯದ ಒಂದು ಹುಡುಗನನ್ನು ಕರೆದು ಎತ್ತಿಸುತ್ತಾರೆ. ಹುಡುಗನ ಕೈಗೆ ಬಂದದ್ದು ದೇವರು ಕೊಟ್ಟಂತೆ. ಅದರ ಮೇಲೆ ಯಾರೂ ಚಕಾರ ಎತ್ತುವಂತಿಲ್ಲ. ಚೀಟಿಯಲ್ಲಿ ಮೋಸವಿಲ್ಲ, ನಿಜ. ಆದರೆ ಮೋಸವಿಲ್ಲದ್ದೆಲ್ಲ ನ್ಯಾಯವಾಗುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ. ವಿಜ್ಞಾನದ ಮಾಸ್ತರನಿಗೆ ಲೆಕ್ಕ ಬರುತ್ತದೆಂದು ಎಲ್ಲ ಪಂದ್ಯಾವಳಿಗಳಲ್ಲೂ ನನ್ನನ್ನು ಅಂಕ ಬರೆಯುವ ಮೇಜಿನ ಮುಂದೆ ಕೂರಿಸುತ್ತಾರೆ. ಅಲ್ಲಿ ಕುಳಿತವನಿಗೆ ಆಟಕ್ಕಿಂತ ಆಟದ ಹಿಂದಿನ ಲೆಕ್ಕವೇ ಹೆಚ್ಚು ಕಾಣಿಸುತ್ತದೆ.

ಒಮ್ಮೆ ಹೆಣ್ಣುಮಕ್ಕಳ ಪಂದ್ಯಾವಳಿಗೆ 16 ತಂಡಗಳು ಬಂದಿದ್ದವು. ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯ ತಂಡ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹೊರಟು ಬಂದಿತ್ತು. ಚೀಟಿಯಲ್ಲಿ ಅವರಿಗೆ ಸಿಕ್ಕದ್ದು ಹಿಂದಿನ ವರ್ಷ ಗೆದ್ದ ತಂಡ. ಮೂರೇ ಅಂಕಗಳಿಂದ ಸೋತರು. ಹತ್ತು ಗಂಟೆಯ ಹೊತ್ತಿಗೆ ಅವರ ಪಂದ್ಯಾವಳಿ ಮುಗಿದಿತ್ತು. ವಾಹನ ಹೊರಡುವುದು ಸಂಜೆಗೆ, ಹೀಗಾಗಿ ಬೇವಿನ ಗಿಡದ ಕೆಳಗೆ ಕುಳಿತು ಉಳಿದವರ ಆಟ ನೋಡಿದರು. ಅವರನ್ನು ಸೋಲಿಸಿದ ತಂಡವೇ ಫೈನಲ್ ತಲುಪಿ, ಎದುರಾಳಿಯನ್ನು 20 ಅಂಕಗಳಿಂದ ಮಣಿಸಿತು. ಸೋತ ತಂಡಕ್ಕೆ ಎರಡನೇ ಬಹುಮಾನದ ಢಾಲು ಸಿಕ್ಕಿತು. ಆಗ ಆ ಹಳ್ಳಿಯ ಹುಡುಗಿಯೊಬ್ಬಳು ಮೇಜಿನ ಬಳಿ ಬಂದು, ‘ಸರ್, ಹಂಗಾರ ನಾವು ಎರಡ್ನೇದವರೇನ್ರಿ, ಹದಿನಾರ್ನೇದವರೇನ್ರಿ?’ ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿಯಬೇಕೆಂದು ಕೇಳಿದ್ದು. ಮರುವರ್ಷ ಆ ಊರಿನಿಂದ ತಂಡ ಬರಲಿಲ್ಲ. ಒಂದು ಆಟಕ್ಕೆ ಅಷ್ಟು ದೂರ ಹೆಣ್ಣುಮಕ್ಕಳನ್ನು ಯಾಕೆ ಕಳಿಸಬೇಕು ಎಂದು ಮನೆಯವರು ಅಂದರಂತೆ.

ಆ ಹುಡುಗಿಯ ಪ್ರಶ್ನೆಯನ್ನು 1883ರಲ್ಲೇ ಒಬ್ಬ ಇಂಗ್ಲಿಷ್ ಗಣಿತದ ಮೇಷ್ಟರು ಕೇಳಿಕೊಂಡಿದ್ದರು. ಆಲಿಸಳ ಕಥೆ ಬರೆದ ಲೂಯಿ ಕ್ಯಾರೊಲ್ ಅವರೇ. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯ ಮೂಲಕ ಆ ಕಥೆ ನಮಗೂ ಗೊತ್ತು. ಟೆನಿಸ್ ಪಂದ್ಯಾವಳಿಗಳಲ್ಲಿ ಬಹುಮಾನ ಹಂಚುವ ರೀತಿಯೇ ತಪ್ಪು ಎಂದು ಅವರು ಒಂದು ಕಿರುಹೊತ್ತಗೆಯನ್ನೇ ಬರೆದರು. ಅವರ ತರ್ಕವನ್ನು ನಮ್ಮ 16 ತಂಡಗಳಿಗೆ ಹಚ್ಚಿ ನೋಡೋಣ. ಬಲಿಷ್ಠ ತಂಡವೇ ಯಾವಾಗಲೂ ಗೆಲ್ಲುತ್ತದೆ ಎಂದಿಟ್ಟುಕೊಳ್ಳಿ. ಮೊದಲನೆಯ ತಂಡ ಒಂದು ಜಾಗದಲ್ಲಿ ಕುಳಿತರೆ ಉಳಿಯುವುದು 15 ಜಾಗ. ಅದರಲ್ಲಿ 7 ಅದೇ ಭಾಗದಲ್ಲಿ, 8 ಎದುರಿನ ಭಾಗದಲ್ಲಿ. ಎರಡನೆಯ ಬಲಿಷ್ಠ ತಂಡ ಎದುರಿನ ಭಾಗಕ್ಕೆ ಬಿದ್ದರೆ ಮಾತ್ರ ಫೈನಲ್. ಆ ಸಂಭವ 15ರಲ್ಲಿ 8, ಅಂದರೆ ಅರ್ಧಕ್ಕಿಂತ ತುಸುವೇ ಹೆಚ್ಚು. ನಾಕೌಟ್ ಪದ್ಧತಿ ಮೊದಲನೆಯವರು ಯಾರೆಂದು ಹೇಳೀತು; ಎರಡನೆಯವರು ಯಾರೆಂದು ಹೇಳುವ ಶಕ್ತಿ ಅದಕ್ಕಿಲ್ಲ. ಆದರೂ ನಾವು ಎರಡನೇ ಢಾಲನ್ನು ಕಣ್ಣು ಮುಚ್ಚಿ ಕೊಡುತ್ತೇವೆ.

ಇದಕ್ಕೆ ಮದ್ದೆಂದು ಬಂದದ್ದೇ ಶ್ರೇಯಾಂಕ. ಹಿಂದಿನ ಸಾಧನೆ ನೋಡಿ ಬಲಿಷ್ಠರನ್ನು ಬೇರೆ ಬೇರೆ ಭಾಗದಲ್ಲಿ ಕೂರಿಸುವುದು. ಎಂಟು ತಂಡಗಳಿದ್ದರೆ ಒಂದನೆಯದಕ್ಕೆ ಎಂಟನೆಯದು, ಎರಡನೆಯದಕ್ಕೆ ಏಳನೆಯದು. ಪ್ರತಿ ಜೋಡಿಯ ಮೊತ್ತ ಒಂಬತ್ತು. ಲೆಕ್ಕ ಚೆಂದವಾಗಿದೆ. ಇದನ್ನು ನಮ್ಮ ದೈಹಿಕ ಶಿಕ್ಷಕರೊಬ್ಬರಿಗೆ ಉತ್ಸಾಹದಿಂದ ವಿವರಿಸಿದೆ. ಅವರು ಸುಮ್ಮನೆ ಕೇಳಿ, ‘ಅಲ್ರೀ ಸರ, ದೊಡ್ಡವರು ದೊಡ್ಡವರು ಮೊದಲs ಜಗಳಾಡಬಾರದಂತ ಸಣ್ಣವರನ್ನ ಅವರ ಬಾಯಿಗೆ ಹಾಕೂದೇನ್ರಿ ಇದು?’ ಎಂದರು. ಅವರ ಮಾತಿನಲ್ಲೂ ಸತ್ಯವಿದೆ. ಅಲ್ಲದೆ ಗಡಿ ದಾಟಿ ಬಂದ ತಂಡಕ್ಕೆ ಯಾವ ಶ್ರೇಯಾಂಕ ಕೊಡುವುದು? ಅವರ ಹಿಂದಿನ ವರ್ಷದ ಆಟವನ್ನು ನಮ್ಮಲ್ಲಿ ನೋಡಿದವರು ಯಾರು?

ಇದು ನಮ್ಮ ಊರಿನ ತೊಡಕು ಮಾತ್ರವಲ್ಲ. ನಮ್ಮ ಬೆಂಗಳೂರು ಎಫ್‌.ಸಿ. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎ.ಎಫ್‌.ಸಿ. ಕಪ್ ಫುಟ್‌ಬಾಲ್‌ನಲ್ಲಿ ಫೈನಲ್ ತಲುಪಿತು. ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡವನ್ನು ಸೆಮಿಫೈನಲ್‌ನಲ್ಲಿ ಮಣಿಸಿ, ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆ ಕ್ಲಬ್ಬಿಗೆ 0–1ರಿಂದ ಸೋತಿತು. ಮರುವರ್ಷ ಪಂದ್ಯಾವಳಿಯ ರಚನೆಯನ್ನೇ ಬದಲಿಸಿದರು. ಪಶ್ಚಿಮ ಏಷ್ಯಾ ವಲಯದಲ್ಲಿ ಗೆದ್ದವರು ನೇರ ಫೈನಲ್‌ಗೆ. ಉಳಿದ ನಾಲ್ಕು ವಲಯಗಳ ವಿಜೇತರು ತಮ್ಮತಮ್ಮಲ್ಲೇ ಸೆಣಸಿ ಒಬ್ಬರು ಮಾತ್ರ ಫೈನಲ್‌ಗೆ. ದಕ್ಷಿಣ ಏಷ್ಯಾದ ಗುಂಪನ್ನು ಗೆದ್ದ ಬೆಂಗಳೂರು, ಉತ್ತರ ಕೊರಿಯಾದ ತಂಡವನ್ನು ದಾಟಿ, ತಜಿಕಿಸ್ತಾನದ ಇಸ್ತಿಕ್ಲೋಲ್ ಎದುರು ಎರಡು ಪಂದ್ಯಗಳ ಮೊತ್ತದಲ್ಲಿ 2–3ರಿಂದ ಸೋತು ಹೊರಬಿತ್ತು.

ಖಂಡದ ಅಗಲ ನೋಡಿದರೆ ವಲಯ ಮಾಡುವುದು ಅನಿವಾರ್ಯ. ಇಲ್ಲದಿದ್ದರೆ ಬಡ ಕ್ಲಬ್‌ಗಳು ವಿಮಾನದ ಖರ್ಚಿಗೇ ಮುಳುಗಿಹೋಗುತ್ತವೆ. ಆದರೆ ಬಲಿಷ್ಠರೆಲ್ಲ ಒಂದೇ ವಲಯದಲ್ಲಿದ್ದರೆ ಅವರಲ್ಲಿ ಒಬ್ಬರಿಗಷ್ಟೇ ಫೈನಲ್. ಉಳಿದವರು ಬೇವಿನ ಗಿಡದ ಕೆಳಗೆ ಕುಳಿತವರೇ. ಆ ಹುಡುಗಿಯ ಪ್ರಶ್ನೆಯನ್ನು ಅವರೂ ಕೇಳಬಹುದಿತ್ತು.

ಹಾಗಾದರೆ ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಇಡೋಣವೆಂದರೆ 16 ತಂಡಗಳಿಗೆ 120 ಪಂದ್ಯ ಬೇಕು. ನಾಕೌಟ್‌ನಲ್ಲಾದರೆ ಒಂದು ಪಂದ್ಯಕ್ಕೆ ಒಬ್ಬರು ಹೊರಗೆ. 15 ತಂಡ ಹೊರಹೋಗಲು 15 ಪಂದ್ಯ ಸಾಕು. ಜಾತ್ರೆಯ ಸಮಿತಿ ಯಾವುದನ್ನು ಆರಿಸುತ್ತದೆಂದು ಬೇರೆ ಹೇಳಬೇಕಿಲ್ಲ. ಯುರೋಪಿನವರು 2024–25ರಿಂದ ತಮ್ಮ ಚಾಂಪಿಯನ್ಸ್ ಲೀಗ್‌ನಲ್ಲಿ ನಡುವಿನ ಹಾದಿ ಹಿಡಿದಿದ್ದಾರೆ. 36 ತಂಡಗಳು ಪೂರ್ತಿ ಲೀಗ್ ಆಡಿದರೆ 630 ಪಂದ್ಯಗಳಾಗುತ್ತಿದ್ದವು. ಅದರ ಬದಲು ತಂಡಗಳನ್ನು ಬಲಕ್ಕೆ ತಕ್ಕಂತೆ ನಾಲ್ಕು ಪಾಲು ಮಾಡಿ, ಪ್ರತಿ ತಂಡಕ್ಕೂ ಒಂದೊಂದು ಪಾಲಿನಿಂದ ಇಬ್ಬರಂತೆ ಎಂಟು ಎದುರಾಳಿಗಳನ್ನು ಚೀಟಿಯಲ್ಲಿ ಕೊಡುತ್ತಾರೆ. ಮೊದಲ ಹಂತಕ್ಕೆ 144 ಪಂದ್ಯ. ಚೀಟಿಯೂ ಉಳಿಯಿತು, ಶ್ರೇಯಾಂಕವೂ ಉಳಿಯಿತು. ದೊಡ್ಡವರ ಬಾಯಿಗೆ ಸಣ್ಣವರನ್ನಷ್ಟೇ ಹಾಕುವುದು ತಪ್ಪಿತು.

ಲೀಗಿಗೂ ಒಂದು ರೋಗವಿದೆ. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಕೊನೆಯ ಪಂದ್ಯವನ್ನು ಹಿಂದಿನ ದಿನವೇ ಆಡಿ ಮುಗಿಸಿತ್ತು. ಪಶ್ಚಿಮ ಜರ್ಮನಿ 1–0ರಿಂದ ಗೆದ್ದರೆ ತಾನೂ ಆಸ್ಟ್ರಿಯಾವೂ ಇಬ್ಬರೂ ಮುಂದಕ್ಕೆ. ಜರ್ಮನರು ಬೇಗನೆ ಒಂದು ಗೋಲು ಹೊಡೆದರು. ಆಮೇಲೆ ಎರಡೂ ಕಡೆಯವರು ಚೆಂಡನ್ನು ಅತ್ತಿತ್ತ ತಳ್ಳುತ್ತ ಹೊತ್ತು ಕಳೆದರು. ಅಲ್ಜೀರಿಯಾ ಹೊರಬಿತ್ತು. ಅಂದಿನಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರೆ. ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಜೋಡಿ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೂರರಲ್ಲಿ ಎರಡು ಪಂದ್ಯ ಗೆದ್ದರೂ ಒಂದೇ ಪಾಯಿಂಟಿನ ಅಂತರದಲ್ಲಿ ಕ್ವಾರ್ಟರ್‌ಫೈನಲ್ ಕಳೆದುಕೊಂಡಿತು. ಅದೇ ಕೂಟದಲ್ಲಿ, ಮುಂದೆ ಸುಲಭದ ಎದುರಾಳಿ ಸಿಗಲೆಂದು ಬೇಕೆಂದೇ ಸೋಲಲು ಆಡಿದ ನಾಲ್ಕು ಜೋಡಿಗಳನ್ನು ಹೊರಹಾಕಬೇಕಾಯಿತು. ಸೋತರೆ ಲಾಭವಾಗುವಂಥ ನಿಯಮ ಮಾಡಿಟ್ಟು, ಆಟಗಾರರಲ್ಲಿ ಮಾತ್ರ ಧರ್ಮ ಹುಡುಕಿದರೆ ಹೇಗೆ?

ನಮ್ಮ ಸಮಿತಿಗಳಿಗೆ ನಾನು ಹೇಳುವುದು ಇಷ್ಟೇ. 16 ತಂಡ ಬಂದರೆ ನಾಲ್ಕರಂತೆ ನಾಲ್ಕು ಗುಂಪು ಮಾಡಿ. ಹಿಂದಿನ ವರ್ಷದ ಮೊದಲ ನಾಲ್ವರನ್ನು ಒಂದೊಂದು ಗುಂಪಿಗೆ ಹಾಕಿ. ಗಡಿಯಾಚೆಯ ತಂಡಗಳು ಒಂದೇ ಕಡೆ ಸೇರದಂತೆ, ಒಂದೇ ತಾಲ್ಲೂಕಿನವರು ಮೊದಲೇ ಎದುರಾಗದಂತೆ ಆದಷ್ಟು ಹಂಚಿ, ಉಳಿದದ್ದಕ್ಕೆ ಚೀಟಿ ಎತ್ತಿಸಿ. ಗುಂಪಿನಲ್ಲಿ ಗೆದ್ದವರಿಗೆ ಸೆಮಿಫೈನಲ್. ಒಟ್ಟು 27 ಪಂದ್ಯ. ಎರಡು ಅಂಕಣವಿದ್ದರೆ ಒಂದು ರಾತ್ರಿ, ಒಂದು ಹಗಲಿನಲ್ಲಿ ಮುಗಿಯುತ್ತದೆ. ಗುಂಪಿನ ಕೊನೆಯ ಎರಡು ಪಂದ್ಯ ಒಟ್ಟಿಗೇ ನಡೆಯಲಿ. ಅಂಕ ಸಮನಾದರೆ ಏನು ಮಾಡುತ್ತೀರೆಂಬುದನ್ನು ಢಾಲು ಕೊಟ್ಟವರ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕಿಸಿ.

ಇದರಿಂದ ಹದಿನಾರರಲ್ಲಿ ಎರಡನೆಯವರು ಯಾರೆಂಬುದು ಖಚಿತವಾಗಿ ತಿಳಿಯುತ್ತದೆಂದು ನಾನು ಹೇಳಲಾರೆ. ಆದರೆ ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದ ಮಕ್ಕಳಿಗೆ ಒಂದರ ಬದಲು ಮೂರು ಆಟ ಸಿಗುತ್ತವೆ. ಮಾರನೆಯ ವರ್ಷ ಮನೆಯವರು ಅವರನ್ನು ಕಳಿಸಲು ಅಷ್ಟು ಕಾರಣ ಸಾಕು.