ಹೊನ್ನೆಲೆಯ ಸೀಮೆಯಲ್ಲಿ

ಮೈಸೂರಿನಿಂದ ಮಡಿಕೇರಿಯ ಹೆದ್ದಾರಿಯನ್ನು ಹಿಡಿದು ಪಶ್ಚಿಮಾಭಿಮುಖವಾಗಿ ಹೊರಟ ಪ್ರವಾಸಿಗನಿಗೆ, ಹುಣಸೂರು ಸಮೀಪಿಸುತ್ತಿದ್ದಂತೆ ಒಂದು ವಿಶಿಷ್ಟ ದೃಶ್ಯ ಗೋಚರಿಸುತ್ತದೆ. ಹೊಲಗಳ ನಡುವೆ, ಹಳ್ಳಿಗಳ ಅಂಚಿನಲ್ಲಿ, ಅಗಲಕ್ಕಿಂತ ಎತ್ತರವೇ ಹೆಚ್ಚಾದ ಕಟ್ಟಡಗಳು ತಲೆಯೆತ್ತಿ ನಿಂತಿವೆ. ಇವು ಮನುಷ್ಯರ ವಾಸಕ್ಕಾಗಿ ಕಟ್ಟಿದವಲ್ಲ. ಎಲೆಯನ್ನು ಹದಗೊಳಿಸುವುದಕ್ಕಾಗಿ ಕಟ್ಟಿದವು. ಊರವರು ಇವನ್ನು ‘ಬ್ಯಾರನ್’ ಎಂದು ಕರೆಯುತ್ತಾರೆ.

ಲಕ್ಷ್ಮಣತೀರ್ಥ, ಕಾವೇರಿ, ಕಪಿಲೆಗಳು ಹರಿಯುವ ನಾಡಿದು. ಕೃಷ್ಣರಾಜನಗರದ ಕಡೆ ನಾಲೆಯ ನೀರು ಕಂಡಲ್ಲೆಲ್ಲ ಭತ್ತದ ಹಸಿರು. ಆದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಮಳೆಯಾಶ್ರಿತ ಹಗುರ ಮಣ್ಣಿನಲ್ಲಿ ವರ್ಜೀನಿಯಾ ಹೊಗೆಸೊಪ್ಪೇ ಪ್ರಮುಖವಾದ ವಾಣಿಜ್ಯ ಬೆಳೆ. ಬೆಳೆಯುವವರಲ್ಲಿ ಬಹುಮಂದಿ ಸಣ್ಣ ಹಿಡುವಳಿದಾರರು.

ಮುಂಗಾರಿನ ಮೊದಲ ಮಳೆಗೆ ಸಸಿಗಳನ್ನು ನೆಡುತ್ತಾರೆ. ಎಲೆ ಬುಡದಿಂದ ಮೇಲಕ್ಕೆ ಬಲಿಯುತ್ತ ಹೋಗುವುದರಿಂದ ಕೊಯ್ಲು ಒಂದೇ ದಿನದಲ್ಲಿ ಮುಗಿಯುವುದಿಲ್ಲ, ವಾರಗಟ್ಟಲೆ ಸಾಗುತ್ತದೆ. ಕೊಯ್ದ ಎಲೆಯನ್ನು ಕಡ್ಡಿಗಳಿಗೆ ಪೋಣಿಸಿ ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯ ಶಾಖ ಕೊಳವೆಗಳ ಮೂಲಕ ಒಳಗೆ ಹರಿಯುತ್ತದೆ. ಹೊಗೆ ಮಾತ್ರ ಎಲೆಗೆ ಸೋಕಕೂಡದು. ಐದಾರು ಹಗಲು, ಐದಾರು ರಾತ್ರಿ ಮನೆಯವರಲ್ಲಿ ಒಬ್ಬರಾದರೂ ಬೆಂಕಿಯ ಬಳಿ ಎಚ್ಚರವಾಗಿರಬೇಕು. ಶಾಖ ಅವಸರಿಸಿದರೆ ಎಲೆ ಹಸಿರಾಗಿಯೇ ಒಣಗುತ್ತದೆ, ತಡವಾದರೆ ಕಂದುತ್ತದೆ. ಹದ ಕೂಡಿಬಂದರೆ ಮಾತ್ರ ಹೊನ್ನಿನ ಬಣ್ಣ.

1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿ ಬೆಳೆಗಾರರಿಗೆ ಪರವಾನಗಿ ಕೊಡುತ್ತದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮೊದಲಾದ ಹರಾಜು ಮಾರುಕಟ್ಟೆಗಳಲ್ಲಿ ವರ್ಷದ ದುಡಿಮೆಯ ಬೆಲೆ ಕೆಲವೇ ಕ್ಷಣಗಳಲ್ಲಿ ನಿರ್ಣಯವಾಗುತ್ತದೆ. ಮಗಳ ಮದುವೆ, ಮಗನ ಕಾಲೇಜು, ಸೊಸೈಟಿಯ ಸಾಲ, ಇವೆಲ್ಲ ಆ ಬೇಲಿನೊಳಗೇ ಕಟ್ಟಿಕೊಂಡಿರುತ್ತವೆ.

ಆದರೆ ಹೊನ್ನಿಗೂ ಒಂದು ತೆರಿಗೆಯುಂಟು. ಹದಗೊಳಿಸುವ ಒಲೆ ಮರಗಳನ್ನು ನುಂಗುತ್ತದೆ. ಇಬ್ಬನಿ ತೊಯ್ದ ಸೊಪ್ಪನ್ನು ಕೀಳುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ತಲೆಸುತ್ತು, ವಾಕರಿಕೆಗಳನ್ನು ತರುತ್ತದೆ. ಸೇದುವವರಿಗೆ ಆಗುವ ಹಾನಿಯನ್ನಂತೂ ಹೇಳಬೇಕಾದುದೇ ಇಲ್ಲ. 2004ರಲ್ಲಿ ಭಾರತ ಅನುಮೋದಿಸಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವು, ಬೆಳೆಗಾರನಿಗೆ ಲಾಭದಾಯಕವಾದ ಬದಲಿ ಜೀವನೋಪಾಯವನ್ನು ಉತ್ತೇಜಿಸಬೇಕೆಂದೂ ಹೇಳುತ್ತದೆ.

ಬದಲಿ ಯಾವುದು? ಇಲ್ಲಿ ಅಪ್ಸೆಣಬಿನ ಮಾತು ಬರುತ್ತದೆ. ಹಳದಿ ಹೂವಿನ ಈ ಗಿಡಕ್ಕೂ ಗಾಂಜಾ ಕುಲದ ಸೆಣಬಿಗೂ ಸಂಬಂಧವಿಲ್ಲ. ಇದು ಅವರೆ, ತೊಗರಿಗಳ ಬಳಗದ್ದು. ಇದರ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುತ್ತವೆ. ಹೂಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದರೆ ಕಾಸು ಖರ್ಚಿಲ್ಲದ ಹಸಿರುಗೊಬ್ಬರ. ಹೊಗೆಸೊಪ್ಪಿನ ಬೇರನ್ನು ಕಾಡುವ ಗಂಟುಹುಳುವಿಗೆ ತಡೆ. ನಿಲ್ಲಿಸಿ ಬೆಳೆಸಿ ನೀರಿನಲ್ಲಿ ಕೊಳೆಹಾಕಿದರೆ ಹಗ್ಗಕ್ಕೆ ನಾರು. ಸಾವಯವ ಕೃಷಿಗೆ ತಿರುಗಬಯಸುವ ಪುಟ್ಟ ಸಂಸಾರಕ್ಕೆ ಇದಕ್ಕಿಂತ ಸುಲಭವಾದ ಮೊದಲ ಹೆಜ್ಜೆ ಬೇಕೆ? ಅದರ ಹಿಂದೆ ರಾಗಿ, ಹುರುಳಿ, ಅವರೆ, ಹತ್ತಿಗಳು ಬರಬಹುದು.

ಆದರೂ ರೈತ ಅನುಮಾನಿಸುತ್ತಾನೆ. ಮಣ್ಣನ್ನು ಅಪ್ಸೆಣಬು ಉಳಿಸೀತು. ಹರಾಜುಕಟ್ಟೆಯನ್ನು ಅದು ಕಟ್ಟಿಕೊಡಲಾರದು. ಹೊಗೆಸೊಪ್ಪಿಗೆ ಗೊತ್ತಾದ ಮಾರುಕಟ್ಟೆಯಿದೆ. ರಾಗಿ, ಅವರೆಗಳಿಗೆ ಅಂಥ ಭರವಸೆ ಎಲ್ಲಿದೆ? ಬ್ಯಾರನ್ನಿನ ಒಲೆಯನ್ನು ಆರಿಸೆಂದು ಹೇಳುವುದು ಪಟ್ಟಣಿಗರಾದ ನಮಗೆ ಸುಲಭ. ಆ ಒಲೆ ಆರಿದ ಮೇಲೆ ಅಡಿಗೆಮನೆಯ ಒಲೆ ಉರಿಯುತ್ತಿರಬೇಕಾದರೆ, ಅವನು ಬೆಳೆದ ರಾಗಿಯನ್ನೂ ಅವರೆಯನ್ನೂ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವವರು ನಾವೇ ಆಗಬೇಕು.