ಬಣ್ಣ ತುಂಬುವ ಪಾಠ

ಪಿಎಚ್.ಡಿ. ಮುಗಿಸಿ ಆರು ವರ್ಷವಾದ ಮೇಲೂ ನಾನು ಊಟದ ಮೇಜಿನ ಮೇಲೆ ಬಣ್ಣ ತುಂಬುವ ಹೋಂವರ್ಕ್ ಹರಡಿಕೊಂಡು ಕೂತಿದ್ದನ್ನು ಕಂಡು ನನ್ನಾಕೆಗೆ ನಗು. ಕಳೆದ ಚಳಿಗಾಲ ಇಲ್ಲಿ ಮ್ಯಾಡಿಸನ್ನಿನ ಯೂನಿವರ್ಸಿಟಿಯಲ್ಲಿ ನಕ್ಷೆ ರಚನೆಯ ತರಗತಿಗೆ ಸೇರಿದ್ದೆ. 1963ರಲ್ಲಿ ಹೊಸ ಬಗೆಯ ಭೂಪಟ ರೂಪಿಸಿದ ಆರ್ಥರ್ ರಾಬಿನ್ಸನ್ ಪಾಠ ಹೇಳಿದ ಜಾಗವಿದು. ತರಗತಿಯಲ್ಲಿ ಉಪನ್ಯಾಸ ಕಡಿಮೆ, ಕೈಕೆಲಸ ಜಾಸ್ತಿ. ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಸೀಮೆಯ ನಕ್ಷೆ ಮಾಡಿ ಗೋಡೆಗೆ ಅಂಟಿಸಬೇಕು. ಉಳಿದವರು ತಪ್ಪು ಹುಡುಕಬೇಕು.

ನಾನು ಆರಿಸಿಕೊಂಡದ್ದು ಕರ್ನಾಟಕದ ಜನಸಾಂದ್ರತೆ. 2011ರ ಜನಗಣತಿ, 30 ಜಿಲ್ಲೆ. ಚದರ ಕಿಲೋಮೀಟರಿಗೆ ಕೊಡಗಿನಲ್ಲಿ 135 ಜನ, ಬೆಂಗಳೂರು ನಗರ ಜಿಲ್ಲೆಯಲ್ಲಿ 4,381. ಈ ಅಂತರವನ್ನು ಐದು ಸಮಪಾಲು ಮಾಡಿ, ತೆಳು ಹಳದಿಯಿಂದ ಕಡುಗೆಂಪಿನವರೆಗೆ ಬಣ್ಣ ಕೊಟ್ಟೆ. ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ.

"ನಿಮ್ಮ ರಾಜ್ಯದಲ್ಲಿರುವುದು ಒಂದೇ ಊರೇ?" ಎಂದಳು ಇಪ್ಪತ್ತರ ಹುಡುಗಿಯೊಬ್ಬಳು.

ನೋಡುತ್ತೇನೆ, ಬೆಂಗಳೂರೊಂದು ಕುಂಕುಮದ ಬೊಟ್ಟು. ಉಳಿದ 29 ಜಿಲ್ಲೆಗೂ ಒಂದೇ ಹಳದಿ! ಮೊದಲನೆಯ ಪಾಲೇ 984ರವರೆಗೆ ಹಬ್ಬಿತ್ತು. ಬೆಂಗಳೂರು ಬಿಟ್ಟರೆ ಯಾವ ಜಿಲ್ಲೆಯೂ 500 ಮುಟ್ಟುವುದಿಲ್ಲ. ಉತ್ತರ ಕನ್ನಡದ ಕಾಡೂ ಮಂಗಳೂರಿನ ಕಡೆಯ ಒತ್ತೊತ್ತು ಮನೆಗಳೂ ಒಂದೇ ಆಗಿಹೋಗಿದ್ದವು. ಪಾಲಿಗೆ ಆರಾರು ಜಿಲ್ಲೆ ಹಂಚಿ ಮತ್ತೆ ಬರೆದೆ. ಈಗ ಮೈಸೂರಿಗೂ ಬೆಂಗಳೂರಿಗೂ ಒಂದೇ ಬಣ್ಣ! ಮೇಷ್ಟರನ್ನು ಕೇಳಿದರೆ, "ಎಲ್ಲಿ ಗೆರೆ ಎಳೆಯಬೇಕೆಂದು ಅಂಕಿ ಹೇಳುವುದಿಲ್ಲ, ನೀವೇ ಹೇಳಬೇಕು" ಎಂದರು. ಕೊನೆಗೆ ಬೆಂಗಳೂರನ್ನು ಬೇರೆ ಕೂರಿಸಿ, ಉಳಿದವಕ್ಕೆ ನಾಲ್ಕು ಪಾಲು ಮಾಡಿದೆ. ಆಗ ಕರಾವಳಿ ಎದ್ದು ಕಂಡಿತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷದ ಹಿಂದೆ ಲ್ಯಾಬಿನಲ್ಲಿ ನನ್ನ ಕೈಕೆಳಗಿದ್ದ ಹುಡುಗಿ 24 ವೇಗವರ್ಧಕಗಳ ಫಲಿತಾಂಶ ತಂದಿದ್ದಳು. ಬಣ್ಣದ ಚಿತ್ರ ಮಾಡಿದವನು ನಾನೇ. ಒಂದು ಮಾತ್ರ ಕೆಂಪಗೆ ಉರಿಯುತ್ತಿತ್ತು. "ಉಳಿದದ್ದರಲ್ಲಿ ಏನೂ ಇಲ್ಲ, ಬಿಡು" ಎಂದಿದ್ದೆ. ಬಿಟ್ಟಳು. ವರ್ಷ ತುಂಬುವುದರೊಳಗೆ ಲ್ಯಾಬನ್ನೂ ಬಿಟ್ಟಳು.

ಹಳೆಯ ಅಂಕಿಗಳನ್ನು ತೆಗೆದು ಹೊಸದಾಗಿ ಪಾಲು ಮಾಡಿ ನೋಡಿದೆ. ಹದಿನೇಳನೆಯದು ಸಣ್ಣದಾಗಿ, ಆದರೆ ಬಿಸಿ ಏರಿದಂತೆಲ್ಲ ತಪ್ಪದೆ ಏರುತ್ತಿತ್ತು. ಅವಳಿಗೆ ಉದ್ದದ ಪತ್ರ ಬರೆದೆ; ಚಿತ್ರವನ್ನೂ ಜೊತೆಗಿಟ್ಟೆ.

ವಾರದ ಮೇಲೆ ಉತ್ತರ ಬಂತು, ಒಂದೇ ಸಾಲು: "ಹದಿನೇಳನೆಯದನ್ನು ನಾನು ಆಗಲೇ ತೋರಿಸಿದ್ದೆ."